ಕಾಗದದ ಅಪ್ಪ, ಜೀವಕಣದ ಅಪ್ಪ

ಮದುವೆ 1902ರ ಅಕ್ಟೋಬರ್ 16ರಂದು. ಗಂಡುಮಗು ಹುಟ್ಟಿದ್ದು 1903ರ ಮೇ 13ರಂದು. ಬೆರಳು ಮಡಿಸಿ ಎಣಿಸಿದರೆ ಏಳು ತಿಂಗಳಿಗೆ ಮೂರು ದಿನ ಕಡಿಮೆ. ನಮ್ಮ ಕಡೆ ಬಾಣಂತಿ ಕೋಣೆಗೆ ಇಣುಕಿದ ಹಿರಿಯ ಹೆಂಗಸರು ಇಂಥ ಲೆಕ್ಕವನ್ನು ಹೊಸಿಲು ದಾಟುವಷ್ಟರಲ್ಲಿ ಮುಗಿಸಿಬಿಡುತ್ತಾರೆ. ‘ಏಳು ತಿಂಗಳ ಕೂಸು, ಪರವಾಗಿಲ್ಲ, ಚೆನ್ನಾಗಿಯೇ ಬೆಳೆದಿದೆ’ ಎಂದೊಂದು ಮಾತು ಆಡಿ, ಎಲೆ ಅಡಿಕೆ ಹಾಕಿಕೊಂಡು ಎದ್ದು ಹೋಗುತ್ತಾರೆ. ಅಲ್ಲಿಗೆ ಆ ಪ್ರಸಂಗ ಮುಗಿಯಿತು.

ಸ್ಕಾಟ್ಲೆಂಡಿನ ಪ್ರಿಂಗಲ್ ಮನೆತನದಲ್ಲಿ ಅದು ಮುಗಿಯಲಿಲ್ಲ. ಆ ಮಗುವಿನ ಅಪ್ಪ ಯಾರು ಎಂಬ ಪ್ರಶ್ನೆ 113 ವರ್ಷ ಕಳೆದ ಮೇಲೆ, 2016ರ ಜೂನ್ 20ರಂದು, ಲಂಡನ್ನಿನ ಪ್ರಿವಿ ಕೌನ್ಸಿಲ್ಲಿನ ನ್ಯಾಯಿಕ ಸಮಿತಿಯ ಏಳು ಮಂದಿ ನ್ಯಾಯಮೂರ್ತಿಗಳ ಮುಂದೆ ತೀರ್ಮಾನವಾಯಿತು. ಅಷ್ಟು ಹೊತ್ತಿಗೆ ಆ ಮಗು ದೊಡ್ಡದಾಗಿ, ಬಿರುದು ಹೊತ್ತು, ಮುದಿಯಾಗಿ, 1961ರಲ್ಲಿ ತೀರಿಕೊಂಡಿತ್ತು. ಅದರ ಮಗನೂ ಅದೇ ಬಿರುದು ಹೊತ್ತು 2013ರಲ್ಲಿ ಕಣ್ಣು ಮುಚ್ಚಿದ್ದ.

‘ಔರಸ’ ಎಂಬ ಒಂದೇ ಪದ

ಕಥೆ ಶುರುವಾಗುವುದು 1683ರ ಜನವರಿ 5ರಂದು. ಸ್ಕಾಟ್ಲೆಂಡಿನ ದಕ್ಷಿಣ ಗಡಿನಾಡಿನಲ್ಲಿ, ಕೆಲ್ಸೋ ಪಟ್ಟಣದ ಹತ್ತಿರ ಸ್ಟಿಚಿಲ್ ಎಂಬ ಊರಿದೆ. ಅಲ್ಲಿನ ರಾಬರ್ಟ್ ಪ್ರಿಂಗಲ್‌ಗೆ ಎರಡನೇ ಚಾರ್ಲ್ಸ್ ದೊರೆ ‘ಬ್ಯಾರೊನೆಟ್’ ಪದವಿಯ ಸನ್ನದು ಕೊಟ್ಟ. ಹೆಸರಿನ ಹಿಂದೆ ‘ಸರ್’ ಸೇರಿಸಿಕೊಳ್ಳಬಹುದಾದ, ತಲೆಮಾರಿನಿಂದ ತಲೆಮಾರಿಗೆ ಇಳಿಯುವ ಬಿರುದು ಅದು. ಯಾರಿಗೆ ಇಳಿಯಬೇಕು ಎಂಬುದನ್ನೂ ಸನ್ನದು ಹೇಳಿತ್ತು: ರಾಬರ್ಟ್‌ನ ದೇಹದಿಂದ ಬಂದ ಗಂಡು ಸಂತಾನಕ್ಕೆ. ನಮ್ಮ ಧರ್ಮಶಾಸ್ತ್ರದ ಭಾಷೆಯಲ್ಲಿ ಇದಕ್ಕೆ ಚೊಕ್ಕವಾದ ಒಂದು ಪದವಿದೆ, ‘ಔರಸ’.

ಮನುಸ್ಮೃತಿ ಹನ್ನೆರಡು ಬಗೆಯ ಪುತ್ರರನ್ನು ಹೆಸರಿಸುತ್ತದೆ. ಸ್ವಂತಕ್ಕೆ ಹುಟ್ಟಿದವನು ಔರಸ, ಹೆಂಡತಿಯಲ್ಲಿ ಬೇರೊಬ್ಬರಿಂದ ಪಡೆದವನು ಕ್ಷೇತ್ರಜ, ದತ್ತು ಬಂದವನು ದತ್ತಕ, ಹೀಗೆ. ಸ್ಟಿಚಿಲ್ ಸನ್ನದು ಈ ಹನ್ನೆರಡರಲ್ಲಿ ಹನ್ನೊಂದು ಬಾಗಿಲುಗಳನ್ನು ಮುಚ್ಚಿ ಒಂದನ್ನು ಮಾತ್ರ ತೆರೆದಿಟ್ಟಿತ್ತು. ಅದೇ ಸನ್ನದನ್ನು ಹಸ್ತಿನಾವತಿಗೆ ಅನ್ವಯಿಸಿ ನೋಡಿ. ವಿಚಿತ್ರವೀರ್ಯ ಮಕ್ಕಳಿಲ್ಲದೆ ಸತ್ತ, ಧೃತರಾಷ್ಟ್ರ, ಪಾಂಡು ಇಬ್ಬರೂ ವ್ಯಾಸರಿಂದ ಹುಟ್ಟಿದವರು, ಪಾಂಡವರು ದೇವತೆಗಳಿಂದ. ಶಂತನುವಿನ ಗಂಡುಮೂಲದ ರಕ್ತ ಉಳಿದಿದ್ದದ್ದು ಮದುವೆಯೇ ಆಗದ ಭೀಷ್ಮನೊಬ್ಬನಲ್ಲಿ. ಧರ್ಮರಾಯನೂ ದುರ್ಯೋಧನನೂ ಹದಿನೆಂಟು ದಿನ ಹೊಡೆದಾಡಿದ ಸಿಂಹಾಸನಕ್ಕೆ ಸ್ಕಾಟ್ಲೆಂಡಿನ ಲೆಕ್ಕದಲ್ಲಿ ಇಬ್ಬರೂ ವಾರಸುದಾರರಲ್ಲ.

ಪ್ರಿಂಗಲ್ ಮನೆತನದ ಎಂಟನೇ ಬ್ಯಾರೊನೆಟ್ ಸರ್ ನಾರ್ಮನ್ ರಾಬರ್ಟ್. ಅವರ ಹೆಂಡತಿ ಫ್ಲಾರೆನ್ಸ್ ಮ್ಯಾಜ್. ಮೊದಲ ಮಗ ನಾರ್ಮನ್ ಹ್ಯಾಮಿಲ್ಟನ್, ಆಮೇಲೆ ಇನ್ನಿಬ್ಬರು ಗಂಡುಮಕ್ಕಳು. ಯಜಮಾನರು 1919ರಲ್ಲಿ ತೀರಿಕೊಂಡರು. ಹಿರಿಯ ಮಗನೇ ಉತ್ತರಾಧಿಕಾರಿ ಎಂದು ಫ್ಲಾರೆನ್ಸ್ ಮ್ಯಾಜ್ 1920ರಲ್ಲಿ ಪ್ರಮಾಣಪತ್ರ ಕೊಟ್ಟರು. ಬ್ಯಾರೊನೆಟ್‌ಗಳ ಅಧಿಕೃತ ಪಟ್ಟಿಯಲ್ಲಿ ಹೆಸರು ಏರಿತು. ಕಾಗದ ಪೂರ್ತಿಯಾಯಿತು.

ಆ ಹಿರಿಯನ ಮಗ ಸರ್ ಸ್ಟೂಅರ್ಟ್ ಪ್ರಿಂಗಲ್ ಬ್ರಿಟನ್ನಿನಲ್ಲಿ ಮನೆಮಾತಾದ ಸೇನಾನಿ. ರಾಯಲ್ ಮರೀನ್ಸ್ ಪಡೆಯ ಮುಖ್ಯಸ್ಥ. 1981ರ ಅಕ್ಟೋಬರಿನಲ್ಲಿ ಐರಿಷ್ ರಿಪಬ್ಲಿಕನ್ ಸೇನೆಯವರು ಲಂಡನ್ನಿನ ಅವರ ಮನೆಯೆದುರು ಕಾರಿನ ಅಡಿಯಲ್ಲಿ ಬಾಂಬಿಟ್ಟು ಕಾಲು ಕಿತ್ತುಕೊಂಡರು. ಮರುವರ್ಷ ಫಾಕ್‌ಲ್ಯಾಂಡ್ಸ್ ಯುದ್ಧ ನಡೆದಾಗಲೂ ಅವರೇ ಆ ಹುದ್ದೆಯಲ್ಲಿದ್ದರು.

ಇಂಥವರ ಬಳಿ ದಾಯಾದಿಯೊಬ್ಬರು, ಅಂದರೆ ಚಿಕ್ಕಪ್ಪನ ಮಗ, ವಂಶವಾಹಿ ಪರೀಕ್ಷೆಗೆ ಮಾದರಿ ಕೇಳಿದರು. ಪ್ರಿಂಗಲ್ ಎಂಬ ಅಡ್ಡಹೆಸರಿನವರ ಬೇರುಗಳನ್ನು ಹುಡುಕುವ, ಕುಲದ ನಾಯಕತ್ವ ಯಾವ ಕವಲಿಗೆ ಸೇರಬೇಕೆಂದು ತಿಳಿಯುವ ಯೋಜನೆ ಅದಾಗಿತ್ತು. ಸರ್ ಸ್ಟೂಅರ್ಟ್ ಮಾದರಿ ಕೊಟ್ಟರು. ಕೇಳಿದ್ದು ಕುಲದ ನಾಯಕ ಯಾರು ಎಂದು. ಬಂದ ಉತ್ತರ ಅಜ್ಜ ಯಾರಲ್ಲ ಎಂದು.

ಮೂರನೇ ಕವಲಿನ ಸಾಕ್ಷಿ

ಇದರ ಯಂತ್ರ ಸರಳ. ಗಂಡಸಿನ ವೈ ಕ್ರೋಮೋಸೋಮ್ ಅಪ್ಪನಿಂದ ಮಗನಿಗೆ, ಮಗನಿಂದ ಮೊಮ್ಮಗನಿಗೆ ಹೆಚ್ಚುಕಡಿಮೆ ಇದ್ದಂತೆಯೇ ಇಳಿಯುತ್ತದೆ, ಮನೆದೇವರ ಪೆಟ್ಟಿಗೆ ಇಳಿದ ಹಾಗೆ. ಒಬ್ಬನೇ ಅಜ್ಜನ ಮೊಮ್ಮಕ್ಕಳಾದರೆ, ಗಂಡುಮಕ್ಕಳ ಕವಲಿನಲ್ಲಿ, ಅದು ತಾಳೆಯಾಗಬೇಕು. ತಾಳೆಯಾಗದಿದ್ದರೆ ಎಲ್ಲೋ ಒಂದು ಕೊಂಡಿ ಕಳಚಿದೆ ಎಂದರ್ಥ. ಯಾರ ಕಡೆ ಕಳಚಿದೆ ಎಂದು ಇಬ್ಬರ ಮಾದರಿಯಿಂದಲೇ ಹೇಳಲಾಗದು. ಅದಕ್ಕೆ ಮೂರನೇ ಕವಲು ಬೇಕು: ತಲೆಮಾರುಗಳ ಹಿಂದೆಯೇ ಬೇರೆಯಾದ ಅದೇ ಮನೆತನದ ಗಂಡಸು. ಅವನು ಯಾರ ಕಡೆ ನಿಂತನೋ ಆ ಕವಲು ಗಟ್ಟಿ.

ಸರ್ ಸ್ಟೂಅರ್ಟ್ ತೀರಿಕೊಂಡ ಮೇಲೆ ಅವರ ಮಗ ಬಿರುದು ತನ್ನದೆಂದರು, ದಾಯಾದಿ ತನ್ನದೆಂದರು. ರಾಣಿ ಎರಡನೇ ಎಲಿಜಬೆತ್ ಈ ಪ್ರಶ್ನೆಯನ್ನು 1833ರ ಒಂದು ಕಾಯ್ದೆಯಡಿ ಪ್ರಿವಿ ಕೌನ್ಸಿಲ್ಲಿಗೆ ಕಳಿಸಿದರು. ಹಿಂದೂ ದತ್ತಕದ ಎಷ್ಟೋ ವ್ಯಾಜ್ಯಗಳು ಭಾರತದಿಂದ ಹಡಗೇರಿ ಕೊನೆಯ ಮೇಲ್ಮನವಿಗೆ ಹೋಗುತ್ತಿದ್ದದ್ದು ಇದೇ ಪೀಠಕ್ಕೆ. ಆ ನಂಟು ಕಡಿದದ್ದು 1949ರಲ್ಲಿ.

ಇಲ್ಲಿ ಗಮನಿಸಬೇಕಾದ ಸಂಗತಿ, ಪರೀಕ್ಷೆಯ ಫಲಿತಾಂಶ ಸುಳ್ಳು ಎಂದು ಮಗನ ಕಡೆಯವರು ವಾದಿಸಲಿಲ್ಲ. ಇಷ್ಟು ಹಳೆಯ ಸಂಗತಿಯನ್ನು ಕೆದಕಲು ಬಿಡಬಾರದು, ಕಾಲಮಿತಿ ಮೀರಿದೆ, ಸಾರ್ವಜನಿಕ ನೀತಿಗೆ ಇದು ಒಳ್ಳೆಯದಲ್ಲ ಎಂದರು. ‘ಋಷಿಮೂಲ, ನದಿಮೂಲ, ಸ್ತ್ರೀಮೂಲ ಹುಡುಕಬಾರದು’ ಎಂಬ ನಮ್ಮ ಗಾದೆಗೆ ಕಾನೂನಿನ ಕೋಟು ಹಾಕಿಸಿದರೆ ಇದೇ ವಾದವಾಗುತ್ತದೆ. ಪೀಠ ಒಪ್ಪಲಿಲ್ಲ. ಸನ್ನದು ಔರಸ ಸಂತಾನವನ್ನು ಕೇಳಿದೆ, ಅದಕ್ಕೆ ಅತ್ಯಂತ ನೇರವಾದ ಸಾಕ್ಷಿ ಸಿಕ್ಕಿರುವಾಗ ಅದನ್ನು ಹೊರಗಿಡಲು ಕಾನೂನಿನಲ್ಲಿ ಕಾರಣವಿಲ್ಲ, ಬಿರುದಿನ ಹಕ್ಕಿಗೆ ಕಾಲಮಿತಿಯೂ ಇಲ್ಲ ಎಂಬುದು ಲಾರ್ಡ್ ಹಾಡ್ಜ್ ಬರೆದ ಅಭಿಪ್ರಾಯದ ಸಾರ. ಇಂಥ ಪರೀಕ್ಷೆಗಳು ಎಷ್ಟೋ ತಲೆಮಾರಿನ ಹಿಂದಿನ ವಾರಸುದಾರಿಕೆಯನ್ನು ಅಲುಗಾಡಿಸಬಲ್ಲವು ಎಂಬ ಅರಿವು ಪೀಠಕ್ಕಿತ್ತು. ಅದಕ್ಕೆ ಕಟ್ಟೆ ಹಾಕಬೇಕೇ ಎಂಬುದನ್ನು ಸಂಸತ್ತು ನೋಡಿಕೊಳ್ಳಲಿ ಎಂದು ಬಿಟ್ಟಿತು. ಬಿರುದು ದಾಯಾದಿಯ ಪಾಲಾಯಿತು.

ಹೆಸರು ಒಂದು, ನೆತ್ತರು ಹಲವು

ಪ್ರಿಂಗಲ್‌ರದು ಬಿರುದಿನ ಜಗಳ. ಬಿರುದಿಲ್ಲದ ಸಾವಿರಾರು ಕುಟುಂಬಗಳಿಗೂ ಇದೇ ಆಘಾತ ಬೇರೆ ರೂಪದಲ್ಲಿ ಬಡಿಯುತ್ತದೆ. ಕೆನಡಾ, ಅಮೆರಿಕ, ಆಸ್ಟ್ರೇಲಿಯಾಗಳಲ್ಲಿ ಮ್ಯಾಕ್‌ಡೊನಾಲ್ಡ್, ಕ್ಯಾಂಪ್‌ಬೆಲ್, ಫ್ರೇಸರ್ ಎಂಬ ಅಡ್ಡಹೆಸರು ಹೊತ್ತು, ಕುಲದ ಚೌಕಳಿ ಬಟ್ಟೆ ಉಟ್ಟು ಬೆಳೆದವರು, ಪರೀಕ್ಷೆಯಲ್ಲಿ ತಮ್ಮ ಗಂಡುಮೂಲ ಆ ಕುಲಕ್ಕೆ ಸೇರದ್ದೆಂದು ತಿಳಿದಾಗ ಮೊದಲು ಬೆರಳು ತೋರಿಸುವುದು ಯಾವುದೋ ಅಜ್ಜಿಯ ಕಡೆಗೆ. ಬಹಳ ಸಲ ಆ ಅಜ್ಜಿ ನಿರಪರಾಧಿ.

ಸ್ಕಾಟ್ಲೆಂಡಿನ ಗೇಲಿಕ್ ಭಾಷೆಯಲ್ಲಿ ‘ಕ್ಲಾನ್’ ಎಂದರೆ ಮಕ್ಕಳು, ‘ಮ್ಯಾಕ್’ ಎಂದರೆ ಮಗ. ಹೆಸರು ಕೇಳಿದರೆ ಎಲ್ಲರೂ ಒಬ್ಬ ಮೂಲಪುರುಷನ ಮಕ್ಕಳು ಅನ್ನಿಸುತ್ತದೆ. ನೆಲದ ವಾಸ್ತವ ಬೇರೆ. ನಾಯಕನ ಜಮೀನಿನಲ್ಲಿ ಗೇಣಿ ಮಾಡುವವರು, ಅವನ ರಕ್ಷಣೆ ಬೇಡಿ ಬಂದವರು, ಅವನಿಗಾಗಿ ಕತ್ತಿ ಹಿಡಿದವರು ಅವನ ಹೆಸರನ್ನೇ ತಮ್ಮದಾಗಿಸಿಕೊಂಡರು. ಒಂದು ಅಳತೆ ಓಟ್ಸ್ ಹಿಟ್ಟಿಗಾಗಿ ಫ್ರೇಸರ್ ಆದವರು ಎಂಬ ಲೇವಡಿಯೇ ಅಲ್ಲಿನ ಜನರ ಬಾಯಲ್ಲಿತ್ತು. ಹಸಿದವನು ಹೆಸರು ಬದಲಿಸಿದ್ದಕ್ಕೆ ಅಜ್ಜಿ ಹೊಣೆಯಲ್ಲ.

ಮ್ಯಾಕ್‌ಗ್ರೆಗರ್ ಕುಲದ ಕಥೆ ಇನ್ನೂ ಕಠೋರ. 1603ರಲ್ಲಿ ಆರನೇ ಜೇಮ್ಸ್ ದೊರೆಯ ಆಡಳಿತ ಆ ಹೆಸರನ್ನೇ ನಿಷೇಧಿಸಿತು. ಬದುಕಬೇಕೆಂದವರು ಮರ್ರಿ, ಡ್ರಮಂಡ್, ಗ್ರಾಂಟ್, ಕ್ಯಾಂಪ್‌ಬೆಲ್ ಆದರು. 1661ರಲ್ಲಿ ನಿಷೇಧ ತೆಗೆದರು, 1693ರಲ್ಲಿ ಮತ್ತೆ ಹೇರಿದರು, ಪೂರ್ತಿಯಾಗಿ ತೆಗೆದದ್ದು 1774ರಲ್ಲಿ. ಇಂದು ಡ್ರಮಂಡ್ ಎಂಬ ಹೆಸರಿನವನ ವೈ ಕ್ರೋಮೋಸೋಮ್ ಮ್ಯಾಕ್‌ಗ್ರೆಗರ್ ನಾಯಕರ ಮನೆತನಕ್ಕೆ ತಾಳೆಯಾದರೆ, ಕಾಗದ ಮುಚ್ಚಿಟ್ಟ ಇತಿಹಾಸವನ್ನು ದೇಹ ನೆನಪಿಟ್ಟಿದೆ ಎಂದೇ ಅರ್ಥ.

ದೊಡ್ಡ ಮನೆಗಳ ವಂಶಾವಳಿಯೂ ಇದಕ್ಕೆ ಹೊರತಲ್ಲ. ನಮ್ಮ ಹೆಳವರು ಎತ್ತಿನ ಮೇಲೆ ಬಂದು ಮನೆತನದ ಹೆಸರುಗಳನ್ನು ಹಾಡುವಂತೆ ಅಲ್ಲಿನ ನಾಯಕರ ಆಸ್ಥಾನದಲ್ಲೂ ವಂಶ ಹೇಳುವವರಿದ್ದರು. 1249ರಲ್ಲಿ ಬಾಲಕ ಮೂರನೇ ಅಲೆಕ್ಸಾಂಡರ್ ದೊರೆಯಾದಾಗ ಸ್ಕೋನ್‌ನಲ್ಲಿ ಅಂಥವನೊಬ್ಬ ಗೇಲಿಕ್‌ನಲ್ಲಿ ವಂಶಾವಳಿ ಒಪ್ಪಿಸಿದ್ದ. ಡೊನಾಲ್ಡ್ ಕುಲದ ಮೂಲಪುರುಷ, 1164ರಲ್ಲಿ ಕಾಳಗದಲ್ಲಿ ಮಡಿದ ಸಾಮರ್ಲೆಡ್‌ನನ್ನು ಇಂಥ ಹೇಳುಗರು ಐರ್ಲೆಂಡಿನ ಪುರಾತನ ಅರಸರಿಗೆ ಗಂಟು ಹಾಕಿದ್ದರು. ಈ ಶತಮಾನದ ಆರಂಭದಲ್ಲಿ ಆಕ್ಸ್‌ಫರ್ಡಿನ ತಳಿವಿಜ್ಞಾನಿ ಬ್ರಯನ್ ಸೈಕ್ಸ್ ಆ ಕುಲದ ಆಗಿನ ನಾಯಕರ ಮಾದರಿ ನೋಡಿದರು. ಅವರೆಲ್ಲ ಒಬ್ಬ ಪೂರ್ವಜನ ಸಂತಾನ ಎಂಬುದು ತಾಳೆಯಾಯಿತು. ಎಂಟುನೂರು ವರ್ಷದ ಕಾಗದಕ್ಕೆ ಅದು ದೊಡ್ಡ ಶಹಬ್ಬಾಸ್. ಆದರೆ ಆ ಪೂರ್ವಜನ ವೈ ಕ್ರೋಮೋಸೋಮ್ ನಾರ್ವೆಯಲ್ಲಿ ಹೆಚ್ಚಾಗಿ ಕಾಣುವ ಬಗೆಯದು. ವೈಕಿಂಗರನ್ನು ದ್ವೀಪಗಳಿಂದ ಓಡಿಸಿದ ಗೇಲಿಕ್ ವೀರನೆಂದು ಹಾಡಿಸಿಕೊಂಡವನು ಗಂಡುಮೂಲದಲ್ಲಿ ವೈಕಿಂಗರ ಕಡೆಯವನೇ.

ಸೂರತ್ತಿನ ಅಜ್ಜಿ

ಇನ್ನೊಂದು ಪ್ರಸಂಗ ನಮ್ಮ ದೇಶದ ನೆಲಕ್ಕೇ ಬಂದು ಮುಟ್ಟುತ್ತದೆ. ಥಿಯೊಡೋರ್ ಫೋರ್ಬ್ಸ್ ಎಂಬ ಸ್ಕಾಟ್ ವ್ಯಾಪಾರಿ ಸೂರತ್‌ನಲ್ಲಿದ್ದಾಗ ಎಲಿಜಾ ಕೆವಾರ್ಕ್ ಎಂಬ ಹೆಣ್ಣಿನೊಡನೆ ಸಂಸಾರ ಮಾಡಿದ. 1812ರಲ್ಲಿ ಕ್ಯಾಥರೀನ್ ಹುಟ್ಟಿದಳು. ಅಪ್ಪನ ಮನೆಯವರಿದ್ದ ಅಬರ್ಡೀನ್ ಕಡೆಗೆ ಮಗಳನ್ನು ಕಳಿಸಲಾಯಿತು. ತಾಯಿ ಇಲ್ಲೇ ಉಳಿದಳು. ಕ್ಯಾಥರೀನ್ ಸ್ಕಾಟ್ಲೆಂಡಿನಲ್ಲೇ ಮದುವೆಯಾದಳು. ಅವಳ ಮಗಳು, ಮೊಮ್ಮಗಳು ಹೀಗೆ ಹೆಣ್ಣುಮಕ್ಕಳ ಸಾಲು ಇಳಿದು ಬಂದು ತಲುಪುವುದು ರಾಜಕುಮಾರಿ ಡಯಾನಾಗೆ.

ಕುಟುಂಬದ ದಾಖಲೆಗಳು ಎಲಿಜಾಳನ್ನು ಆರ್ಮೇನಿಯನ್ ಎಂದವು. 2013ರ ಜೂನ್‌ನಲ್ಲಿ ಎಡಿನ್‌ಬರೋದ ವಿಜ್ಞಾನಿ ಜಿಮ್ ವಿಲ್ಸನ್ ಒಂದು ಖಾಸಗಿ ಕಂಪನಿಯ ಪರವಾಗಿ, ಎಲಿಜಾಳ ಹೆಣ್ಣುಮೂಲದ ವಂಶಸ್ಥರಿಬ್ಬರ ಪರೀಕ್ಷೆಯ ವಿವರ ಪ್ರಕಟಿಸಿದರು. ತಾಯಿಯಿಂದ ಮಾತ್ರ ಇಳಿಯುವ ಮೈಟೋಕಾಂಡ್ರಿಯಾದ ವಂಶವಾಹಿ ಅವರಲ್ಲಿ ಭಾರತ ಉಪಖಂಡದ ಬಗೆಯದಾಗಿತ್ತು. ಮರುದಿನದ ಪತ್ರಿಕೆಗಳಿಗೆ ‘ರಾಜಕುಮಾರ ವಿಲಿಯಂ ಭಾರತೀಯ ಮೂಲ’ ಎಂಬ ಸುದ್ದಿ ಸಿಕ್ಕಿತು.

ಹಾಗಾದರೆ ಆರ್ಮೇನಿಯನ್ ಎಂಬುದು ಸುಳ್ಳೇ? ಇಲ್ಲಿಯೇ ಬಹಳ ಜನ ಎಡವುವುದು. ಮೈಟೋಕಾಂಡ್ರಿಯಾ ಹೇಳುವುದು ತಾಯಿಯ ತಾಯಿಯ ತಾಯಿಯ ಒಂದೇ ಎಳೆಯನ್ನು. ಎಲಿಜಾಳ ಅಪ್ಪ ಸೂರತ್ತಿನಲ್ಲಿ ನೆಲೆಸಿದ್ದ ಆರ್ಮೇನಿಯನ್ ಆಗಿ, ಅಮ್ಮನ ಕಡೆಯವರು ಇಲ್ಲಿಯವರೇ ಆಗಿದ್ದರೆ ದಾಖಲೆಯೂ ನಿಜ, ಪರೀಕ್ಷೆಯೂ ನಿಜ. ಕಾಗದ ಅಪ್ಪನನ್ನು ಬರೆದುಕೊಂಡಿತು, ಜೀವಕಣ ಅಮ್ಮನನ್ನು. ಅಂದು ಎದ್ದ ಇನ್ನೊಂದು ಆಕ್ಷೇಪ ಇದಕ್ಕಿಂತ ತೂಕದ್ದು: ದೂರದ ಬಂಧುಗಳ ಮಾದರಿಯಿಂದ ವಿಲಿಯಂ ಅವರ ದೇಹದ ಗುಟ್ಟನ್ನು ಅವರನ್ನೇ ಕೇಳದೆ ಜಗತ್ತಿಗೆ ಸಾರಬಹುದೇ?

ಶೇಕಡಾವಾರು ಎಂಬ ಮಾಯೆ

‘ನಮ್ಮ ಪೂರ್ವಜನೊಬ್ಬ ಇನ್ವರ್ನೆಸ್ಸಿನವನು, ಆದರೆ ನನ್ನ ಪರೀಕ್ಷೆಯಲ್ಲಿ ಸ್ಕಾಟ್ಲೆಂಡ್ ಶೇಕಡಾ ಸೊನ್ನೆ’ ಎಂಬ ಗೋಳು ಇನ್ನೊಂದು ಬಗೆಯದು. ಇದು ಬಹುಪಾಲು ಗೋಳೇ ಅಲ್ಲ. ಹತ್ತು ತಲೆಮಾರು ಹಿಂದೆ ಹೋದರೆ ಲೆಕ್ಕಕ್ಕೆ 1024 ಪೂರ್ವಜರು ಸಿಗುತ್ತಾರೆ. ಪ್ರತಿ ತಲೆಮಾರಿನಲ್ಲೂ ಅಪ್ಪ ಅಮ್ಮ ತಮ್ಮಲ್ಲಿರುವುದರ ಅರ್ಧವನ್ನಷ್ಟೇ ಮಗುವಿಗೆ ದಾಟಿಸುತ್ತಾರೆ, ಯಾವ ಅರ್ಧ ಎಂಬುದು ಪಗಡೆಯ ದಾಳ. ಹಾಗಾಗಿ ಆ 1024 ಮಂದಿಯಲ್ಲಿ ಅನೇಕರ ಒಂದು ತುಣುಕೂ ನಮ್ಮ ಮೈಯಲ್ಲಿ ಉಳಿದಿರುವುದಿಲ್ಲ. ಒಡಹುಟ್ಟಿದವರ ಫಲಿತಾಂಶವೇ ಒಂದರ ಹಾಗೆ ಇನ್ನೊಂದು ಇರುವುದಿಲ್ಲ.

ಅದರ ಮೇಲೆ ಕಂಪನಿಗಳು ಕೊಡುವ ಶೇಕಡಾವಾರು, ಇಂದು ಬದುಕಿರುವವರ ಮಾದರಿ ಗುಂಪಿನೊಡನೆ ಹೋಲಿಸಿ ಮಾಡಿದ ಅಂದಾಜು. ಗುಂಪನ್ನು ಪರಿಷ್ಕರಿಸಿದಾಗಲೆಲ್ಲ ನಿಮ್ಮ ಅಜ್ಜನ ಊರೂ ಬದಲಾಗುತ್ತದೆ. ಸ್ಕಾಟ್ಲೆಂಡಿನಲ್ಲಂತೂ ಗೆರೆ ಎಳೆಯುವುದೇ ಕಷ್ಟ. 1609ರ ನಂತರ ಸ್ಕಾಟರು ದಂಡುದಂಡಾಗಿ ಐರ್ಲೆಂಡಿನ ಅಲ್ಸ್ಟರ್‌ಗೆ ಹೋಗಿ ನೆಲೆಸಿದರು; ಅದಕ್ಕೂ ಮೊದಲು ಐರ್ಲೆಂಡಿನಿಂದ ಇತ್ತ ಬಂದವರಿದ್ದರು. ಓರ್ಕ್ನಿ, ಶೆಟ್‌ಲ್ಯಾಂಡ್ ದ್ವೀಪಗಳು 1468–69ರವರೆಗೆ ನಾರ್ವೆಯ ದೊರೆತನಕ್ಕೆ ಸೇರಿದ್ದವು, ವರದಕ್ಷಿಣೆಯ ಹಣಕ್ಕೆ ಅಡವಾಗಿ ಸ್ಕಾಟ್ಲೆಂಡಿಗೆ ಬಂದವು. ಅಲ್ಲಿಯ ಅಜ್ಜನಿದ್ದರೆ ಪರೀಕ್ಷೆ ‘ನಾರ್ವೆ’ ಎಂದೀತು. ಕಾಗದ ತಪ್ಪಲ್ಲ, ಗಡಿ ಸರಿದಿದೆ.

ಹಾಗೆಂದು ಮುರಿದ ಕೊಂಡಿಗಳೇ ಇಲ್ಲವೆಂದಲ್ಲ. ಬೆಲ್ಜಿಯಂನ ಮಾರ್ಟೆನ್ ಲಾರ್ಮ್ಯೂಸೊ ಮತ್ತು ಸಂಗಡಿಗರು ಬೆಲ್ಜಿಯಂ, ನೆದರ್‌ಲೆಂಡ್ಸ್ ಭಾಗದ ಐನೂರು ವರ್ಷಗಳ ವಂಶಾವಳಿಗಳನ್ನು ವೈ ಕ್ರೋಮೋಸೋಮಿಗೆ ತಾಳೆ ಹಾಕಿ 2019ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ, ದಾಖಲೆಯ ಅಪ್ಪ ನಿಜವಾದ ಅಪ್ಪನಲ್ಲದ ಪ್ರಮಾಣ ತಲೆಮಾರಿಗೆ ಸುಮಾರು ಶೇ 1ರಷ್ಟಿತ್ತು. ಹತ್ತೊಂಬತ್ತನೇ ಶತಮಾನದ ಕಿಕ್ಕಿರಿದ ಊರುಗಳ ಬಡವರಲ್ಲಿ ಅದು ಶೇ 6ರ ಹತ್ತಿರ ಹೋಗಿತ್ತು. ಒಂದು ಎಂದರೆ ಅತಿ ಕಡಿಮೆ ಅನ್ನಿಸುತ್ತದೆ. ಅದು ತಲೆಮಾರಿನಿಂದ ತಲೆಮಾರಿಗೆ ಕೂಡುತ್ತ ಹೋಗುತ್ತದೆ: ಹತ್ತು ತಲೆಮಾರಿನ ವಂಶಾವಳಿಗಳಲ್ಲಿ ಹತ್ತಕ್ಕೊಂದರಲ್ಲಿ ಎಲ್ಲೋ ಒಂದು ಕೊಂಡಿ ಕಳಚಿರುತ್ತದೆ. 1683ರ ಸನ್ನದಿನಿಂದ ಸರ್ ಸ್ಟೂಅರ್ಟ್ ಸಾವಿನವರೆಗೆ ಸಂದದ್ದು 330 ವರ್ಷ, ಸರಿಸುಮಾರು ಅಷ್ಟೇ ತಲೆಮಾರು.

ಇನ್ನೊಂದು ಕಾಗದ

ಕೊಂಡಿ ಕಳಚಿದ್ದು ಎಲ್ಲಿ ಎಂದು ಹುಡುಕುವವರಿಗೆ ಸ್ಕಾಟ್ಲೆಂಡ್ ಒಂದು ಅಪರೂಪದ ಅನುಕೂಲ ಇಟ್ಟಿದೆ. ಸರ್ಕಾರಿ ಜನನ ಮರಣ ನೋಂದಣಿ ಅಲ್ಲಿ 1855ರ ಜನವರಿ 1ರಿಂದ ಇದೆ. ಅದಕ್ಕೂ ಹಿಂದಿನದಕ್ಕೆ ಚರ್ಚಿನ ಪುಸ್ತಕಗಳು. ಅವುಗಳಲ್ಲಿ ‘ಕರ್ಕ್ ಸೆಷನ್’ ಎಂಬ ಚರ್ಚ್ ಪಂಚಾಯ್ತಿಯ ನಡಾವಳಿಗಳು ಬಲು ನಿಷ್ಠುರ. ಮದುವೆಯಿಲ್ಲದೆ ಬಸುರಾದ ಹುಡುಗಿಯನ್ನು ಕರೆಸಿ ಅಪ್ಪನ ಹೆಸರು ಹೇಳಿಸುತ್ತಿದ್ದರು, ಭಾನುವಾರ ಎಲ್ಲರೆದುರು ಪಶ್ಚಾತ್ತಾಪಕ್ಕೆ ನಿಲ್ಲಿಸುತ್ತಿದ್ದರು. ಕವಿ ರಾಬರ್ಟ್ ಬರ್ನ್ಸ್ ಕೂಡ 1786ರಲ್ಲಿ ಜೀನ್ ಆರ್ಮರ್ ಬಸುರಾದದ್ದಕ್ಕೆ ಮಾಕ್ಲಿನ್ ಊರಿನ ಚರ್ಚಿನಲ್ಲಿ ಹಾಗೆ ನಿಂತವನೇ. ಈ ನಡಾವಳಿಗಳು ಇಂದು ಅಂತರ್ಜಾಲದಲ್ಲೇ ಓದಲು ಸಿಗುತ್ತವೆ. ಮನೆಯವರು ಮುಂದೆ ಚೆಂದವಾಗಿ ಬರೆಸಿಕೊಂಡ ವಂಶವೃಕ್ಷದಲ್ಲಿ ಮುಚ್ಚಿಹೋದದ್ದು ಎಷ್ಟೋ ಸಲ ಚರ್ಚಿನ ಕಡತದಲ್ಲಿ ಹೆಸರು ಸಮೇತ ಇರುತ್ತದೆ. ಕಾಗದ ಸುಳ್ಳು ಹೇಳಿತು ಅನ್ನುವ ಮುಂಚೆ ಯಾವ ಕಾಗದ, ಯಾರು ಬರೆಸಿದ್ದು ಎಂದು ಕೇಳಬೇಕು.

ನಮ್ಮ ಕಾನೂನು ಈ ಬಾಗಿಲಿನ ಮುಂದೆ ಒಂದು ಕಾವಲು ಕೂರಿಸಿದೆ. 1872ರ ಸಾಕ್ಷ್ಯ ಕಾಯ್ದೆಯ 112ನೇ ಕಲಂ, ಈಗಿನ ಭಾರತೀಯ ಸಾಕ್ಷ್ಯ ಅಧಿನಿಯಮದ 116ನೇ ಕಲಂ, ದಾಂಪತ್ಯ ನಡೆಯುತ್ತಿರುವಾಗ ಹುಟ್ಟಿದ ಮಗುವನ್ನು ಆ ಗಂಡನದೇ ಎಂದು ಪರಿಗಣಿಸುತ್ತದೆ. ಆ ಸಮಯದಲ್ಲಿ ಗಂಡ ಹೆಂಡತಿ ಒಂದುಗೂಡುವ ಅವಕಾಶವೇ ಇರಲಿಲ್ಲ ಎಂದು ಸಾಬೀತಾದರೆ ಮಾತ್ರ ಬೇರೆ ಮಾತು. 2014ರಲ್ಲಿ ಸುಪ್ರೀಂ ಕೋರ್ಟ್ ಒಂದು ಪ್ರಕರಣದಲ್ಲಿ ವಂಶವಾಹಿ ಪರೀಕ್ಷೆಗೇ ಮಣೆ ಹಾಕಿತು. 2025ರ ಜನವರಿಯಲ್ಲಿ ಇನ್ನೊಂದರಲ್ಲಿ ಮದುವೆಯೊಳಗಿನ ಹುಟ್ಟಿನ ಮಾನ್ಯತೆಯನ್ನೇ ಎತ್ತಿಹಿಡಿಯಿತು. ಕಾವಲುಗಾರನೂ ಒಮ್ಮೆ ಅತ್ತ, ಒಮ್ಮೆ ಇತ್ತ ನೋಡುತ್ತಿದ್ದಾನೆ.

ಮೊದಲ ಪ್ರಶ್ನೆ ಕೇಳಿದ ತಾಯಿ

ವಂಶವಾಹಿಯ ಗುರುತನ್ನು ಮನುಷ್ಯರ ವ್ಯಾಜ್ಯಕ್ಕೆ ಮೊದಲ ಬಾರಿ ಬಳಸಿದ್ದು 1985ರಲ್ಲಿ. ಘಾನಾದಿಂದ ಬ್ರಿಟನ್ನಿಗೆ ಮರಳಿದ ಹುಡುಗನೊಬ್ಬನನ್ನು ವಲಸೆ ಅಧಿಕಾರಿಗಳು ತಡೆದರು. ಇವನು ಆ ಹೆಂಗಸಿನ ಮಗನಲ್ಲ, ಅವಳ ಅಕ್ಕತಂಗಿಯರಲ್ಲಿ ಯಾರದೋ ಮಗ ಇರಬೇಕು ಎಂಬುದು ಅನುಮಾನ. ಕಾಗದವನ್ನು ಅವರು ನಂಬಲಿಲ್ಲ. ಹಿಂದಿನ ವರ್ಷವಷ್ಟೇ ಲೆಸ್ಟರ್ ವಿಶ್ವವಿದ್ಯಾಲಯದಲ್ಲಿ ಈ ವಿಧಾನ ಕಂಡುಹಿಡಿದಿದ್ದ ಅಲೆಕ್ ಜೆಫ್ರೀಸ್ ತಾಯಿಯ, ಅವಳ ಉಳಿದ ಮಕ್ಕಳ, ಹುಡುಗನ ರಕ್ತ ಪರೀಕ್ಷಿಸಿ, ಇವನು ಅವಳ ಮಗನೇ ಎಂದು ತೋರಿಸಿದರು. ಸರ್ಕಾರ ಪ್ರಕರಣ ಕೈಬಿಟ್ಟಿತು. ಹುಡುಗ ತಾಯಿಯ ಮನೆ ಸೇರಿದ.

ಅಲ್ಲಿ ಪ್ರಶ್ನೆ ತಾಯಿಯದೇ, ಉತ್ತರವೂ ಅವಳಿಗೇ ಬೇಕಾದದ್ದು. ಸರ್ ಸ್ಟೂಅರ್ಟ್ ವಿಷಯದಲ್ಲಿ ಪ್ರಶ್ನೆ ಒಬ್ಬರದು, ಮಾದರಿ ಇನ್ನೊಬ್ಬರದು, ಉತ್ತರ ಹೊತ್ತದ್ದು ಮೂರನೆಯವರು, ಅವರ ಮಗ. ರಾಜನ ಸನ್ನದು ರಕ್ತವನ್ನೇ ಕೇಳಿದ್ದರಿಂದ ನ್ಯಾಯಾಲಯ ರಕ್ತದ ಉತ್ತರ ಕೊಟ್ಟಿತು. ಆ ತೀರ್ಪು ಸರಿಯಾದದ್ದೇ. ನಮ್ಮ ನಿಮ್ಮ ಮನೆಗಳಿಗೆ ಯಾವ ದೊರೆಯೂ ಅಂಥ ಸನ್ನದು ಕೊಟ್ಟಿಲ್ಲ. ಹೆಸರು ಕೊಟ್ಟವನು, ಅನ್ನ ಹಾಕಿ ಶಾಲೆಗೆ ಕಳಿಸಿದವನು ಅಪ್ಪನೆಂದು ಬರೆದುಕೊಂಡ ಕಾಗದ ಆ ಮಟ್ಟಿಗೆ ನಿಜವನ್ನೇ ಬರೆದುಕೊಂಡಿದೆ.

ಆದ್ದರಿಂದ ಕುತೂಹಲಕ್ಕೆಂದು ಕೊಳವೆಯಲ್ಲಿ ಎಂಜಲು ತುಂಬಿ ಕಳಿಸಲು ಹೊರಟವರಿಗೆ ಒಂದು ಮಾತು. ಅದು ನಿಮ್ಮೊಬ್ಬರ ಸಾಕ್ಷಿಯಲ್ಲ. ಅಣ್ಣತಮ್ಮಂದಿರ, ದಾಯಾದಿಗಳ, ತೀರಿಹೋದ ಅಜ್ಜಿಯಂದಿರ ಪರವಾಗಿಯೂ ನೀವು ಸಾಕ್ಷಿ ನುಡಿಯುತ್ತಿದ್ದೀರಿ. ಅವರಲ್ಲಿ ಬದುಕಿರುವವರನ್ನು ಒಮ್ಮೆ ಕೇಳಿಕೊಳ್ಳಿ. ಬದುಕಿಲ್ಲದವರಿಗೆ ಪಾಟೀಸವಾಲು ಹಾಕುವ ಅವಕಾಶವಿಲ್ಲ. ಪ್ರಿಂಗಲ್ ಪ್ರಕರಣದಲ್ಲಿ ಏಳು ನ್ಯಾಯಮೂರ್ತಿಗಳು ಕೂತು, ಎರಡೂ ಕಡೆಯ ವಕೀಲರು ವಾದಿಸಿದ್ದು ಒಬ್ಬ ಹೆಣ್ಣಿನ ಒಂದು ಬಸುರಿನ ಬಗ್ಗೆ. ಫ್ಲಾರೆನ್ಸ್ ಮ್ಯಾಜ್ ತನ್ನ ಮಾತನ್ನು 1920ರಲ್ಲೇ ಪ್ರಮಾಣಪತ್ರದಲ್ಲಿ ಹೇಳಿ ಮುಗಿಸಿದ್ದಳು.